ಎಂಬತ್ತು ಎಕರೆ ಕೆಡವಿದ ಊರಿನಲ್ಲಿ ಒಂದು ಚೌಕಕ್ಕಾಗಿ: ಟೂಸಾನ್‌ನ ಆಲ್ವಾ ಟೊರೆಸ್

ಸೋನೋರಾವಾಸಿ (ಮೂಲ ಬರಹ)

ಎಲ್ಲ ಸದಸ್ಯರಿಗೂ ನಮಸ್ಕಾರ. ಪರಂಪರೆಯ ರಕ್ಷಣೆ ಎಂದೊಡನೆ ನಮ್ಮ ಚರ್ಚೆಗಳಲ್ಲಿ ಕೋಟೆ, ಅರಮನೆ, ದೇವಾಲಯಗಳ ಮಾತು ಬರುತ್ತದೆ. ನಾನು ಹನ್ನೊಂದು ವರ್ಷಗಳಿಂದ ವಾಸವಾಗಿರುವ ಅರಿಜೋನಾದ ಟೂಸಾನ್ ನಗರದಲ್ಲಿ ಒಬ್ಬ ಗೃಹಿಣಿ ಇವು ಯಾವುವೂ ಅಲ್ಲದ, ಜನ ಸೇರುತ್ತಿದ್ದ ಒಂದು ಬಯಲಿಗಾಗಿ ನಗರಸಭೆಯ ಎದುರು ನಿಂತರು. ಅವರ ಹೆಸರು ಆಲ್ವಾ ಟೊರೆಸ್. ಕನ್ನಡದಲ್ಲಿ ಅವರ ಕುರಿತು ಓದಿದ ನೆನಪು ನನಗಿಲ್ಲವಾದ್ದರಿಂದ ತಿಳಿದಷ್ಟನ್ನು ಬರೆಯುತ್ತಿದ್ದೇನೆ.

ಟೂಸಾನ್ ಸೋನೋರಾ ಮರುಭೂಮಿಯ ನಗರ. ವರ್ಷಕ್ಕೆ ಸುಮಾರು 300 ಮಿಲಿಮೀಟರ್ ಮಳೆ, ಅದರ ಅರ್ಧದಷ್ಟು ಬೇಸಿಗೆಯ ಕೊನೆಯಲ್ಲಿ ಸಿಡಿಲಿನೊಂದಿಗೆ ಸುರಿಯುವುದು. ಊರಿನ ಹೆಸರು ಇಲ್ಲಿನ ಮೂಲನಿವಾಸಿಗಳಾದ ಓಓಧಾಮ್ ಜನರ ಮಾತಿನಿಂದ ಬಂದದ್ದು. ‘ಕಪ್ಪು ಗುಡ್ಡದ ಬುಡ’ ಎಂದು ಅದರ ಅರ್ಥ. ಸ್ಪೇನಿನ ಸೈನ್ಯದಲ್ಲಿದ್ದ ಐರಿಷ್ ಅಧಿಕಾರಿ ಹ್ಯೂಗೋ ಓಕಾನರ್ 1775ರ ಆಗಸ್ಟ್ 20ರಂದು ಇಲ್ಲಿ ಕಾವಲುಕೋಟೆಗೆ ಜಾಗ ಗುರುತಿಸಿದ. 1821ರಲ್ಲಿ ಊರು ಮೆಕ್ಸಿಕೋಗೆ ಸೇರಿತು. 1853ರಲ್ಲಿ ಸಹಿಯಾಗಿ ಮರುವರ್ಷ ಜಾರಿಗೆ ಬಂದ ಭೂಖರೀದಿಯಿಂದ ಅಮೆರಿಕದ ಪಾಲಾಯಿತು. ಜನ ಇದ್ದಲ್ಲಿಯೇ ಇದ್ದರು, ಗಡಿ ಮಾತ್ರ ಅವರ ತಲೆಯ ಮೇಲಿಂದ ದಕ್ಷಿಣಕ್ಕೆ ಸರಿಯಿತು. ಅವರ ಬೀದಿಗಳ ಹೆಸರುಗಳೂ ಬದಲಾದವು. ಕಾಯೆ ರೆಯಾಲ್ ‘ಮೇನ್’ ಆಯಿತು; ‘ಸಂತೋಷದ ಬೀದಿ’ ಎಂಬ ಅರ್ಥದ ಕಾಯೆ ದೆ ಲಾ ಅಲೆಗ್ರಿಯಾ ‘ಕಾಂಗ್ರೆಸ್’ ರಸ್ತೆಯಾಯಿತು.

1880ರಲ್ಲಿ ರೈಲು ಬಂದ ಮೇಲೆ ಹೊಸ ವ್ಯಾಪಾರ ಹಳಿಯ ಕಡೆಗೆ ಸರಿಯಿತು. ಹಳೆಯ ಊರಿನ ದಕ್ಷಿಣ ಭಾಗದಲ್ಲಿ ಮೆಕ್ಸಿಕನ್ ಮೂಲದವರ ಅಂಗಡಿ, ಚಿತ್ರಮಂದಿರ, ಔಷಧಾಲಯಗಳು ಬೆಳೆದವು. ಅವರ ಜೊತೆಗೆ ಚೀನೀ ದಿನಸಿ ವ್ಯಾಪಾರಿಗಳೂ ಆಫ್ರಿಕನ್ ಅಮೆರಿಕನ್ನರೂ ಇದ್ದರು. ಜನ ಈ ಪ್ರದೇಶವನ್ನು ‘ಲಾ ಕಾಯೆ’, ಅಂದರೆ ಬೀದಿ, ಎಂದಷ್ಟೇ ಕರೆಯುತ್ತಿದ್ದರು. ಅದರ ಅಂಚಿನಲ್ಲಿದ್ದದ್ದು ಪ್ಲಾಸಾ ದೆ ಲಾ ಮೆಸಿಯಾ ಎಂಬ ಚೌಕ. ಬಾಯಿಮಾತಿನಲ್ಲಿ ‘ಲಾ ಪ್ಲಾಸಿತಾ’, ಪುಟ್ಟ ಚೌಕ. ಊರಿನ ಸಂತ ಆಗಸ್ಟೀನನ ಚರ್ಚು ಒಂದು ಕಾಲದಲ್ಲಿ ಇದೇ ಚೌಕದ ಬದಿಗಿತ್ತು, ಆಗಸ್ಟ್ 28ರ ಸಂತನ ಹಬ್ಬಕ್ಕೆ ಊರೆಲ್ಲ ಇಲ್ಲಿ ನೆರೆಯುತ್ತಿತ್ತು.

1966ರ ಮಾರ್ಚ್ 1ರಂದು ನಡೆದ ಮತದಾನದಲ್ಲಿ ನಗರ ಪುನರ್ನಿರ್ಮಾಣ ಯೋಜನೆಗೆ ಒಪ್ಪಿಗೆ ದೊರೆಯಿತು. ಮರುವರ್ಷದಿಂದ ಬುಲ್ಡೋಜರ್‌ಗಳು ಬಂದವು, ಸುಮಾರು 80 ಎಕರೆ ನೆಲಸಮವಾಯಿತು. ಅದರ ಮೇಲೆ ಸಮಾವೇಶ ಭವನ, ನಾಟಕಶಾಲೆ, ವಾಹನ ನಿಲುಗಡೆಗಳು ಎದ್ದು 1971ರಲ್ಲಿ ತೆರೆದವು. ನನ್ನನ್ನು ಹೆಚ್ಚು ಕಾಡುವುದು ಒಂದು ಸಂಗತಿ. ಇದೇ ನಗರ ಪ್ರವಾಸಿಗರಿಗೆ ತನ್ನನ್ನು ‘ಹಳೆಯ ಪ್ವೆಬ್ಲೊ’, ಅಂದರೆ ಹಳೆಯ ಊರು, ಎಂದು ಪರಿಚಯಿಸಿಕೊಳ್ಳುತ್ತಿತ್ತು ಮತ್ತು 1925ರಿಂದ ಸ್ಪ್ಯಾನಿಷ್ ಹೆಸರಿನ ಕುದುರೆ ಸವಾರರ ಉತ್ಸವವನ್ನು ಆಚರಿಸುತ್ತಿತ್ತು. ಆ ಹೆಸರಿಗೆ ನಿಜವಾಗಿ ವಾರಸುದಾರರಾಗಿದ್ದವರ ಮನೆಗಳನ್ನು ಮಾತ್ರ ಕೊಳೆಗೇರಿ ಎಂದು ಬರೆದುಕೊಂಡು ಕೆಡವಿತು.

1967ರಲ್ಲಿ ಆಲ್ವಾ ಟೊರೆಸ್ ಮತ್ತು ಅವರ ಸಂಗಡಿಗರು ‘ಲಾ ಪ್ಲಾಸಿತಾ ಸಮಿತಿ’ಯನ್ನು ಕಟ್ಟಿಕೊಂಡರು. ಟೊರೆಸ್ ಇದೇ ಊರಿನ ಮೆಕ್ಸಿಕನ್ ಅಮೆರಿಕನ್ ಕುಟುಂಬದವರು. ವಾಸ್ತುಶಿಲ್ಪವನ್ನಾಗಲಿ ಕಾನೂನನ್ನಾಗಲಿ ಓದಿದವರಲ್ಲ. ಚೌಕ ಮತ್ತು ಅದರ ಸುತ್ತಲಿನ ಹಳೆಯ ಕಟ್ಟಡಗಳು ಈ ಊರು ಸ್ಪೇನ್ ಮತ್ತು ಮೆಕ್ಸಿಕೋಗೆ ಸೇರಿದ್ದ ಕಾಲದ ಗುರುತುಗಳು, ಆದ್ದರಿಂದ ಅವು ಇಡೀ ನಗರದ ಆಸ್ತಿ ಎಂಬುದು ಸಮಿತಿಯ ವಾದವಾಗಿತ್ತು. ಸಹಿ ಸಂಗ್ರಹಿಸಿದರು, ನಗರಸಭೆಯ ಸಭೆಗಳಿಗೆ ಮತ್ತೆ ಮತ್ತೆ ಹೋದರು. 80 ಎಕರೆಯ ಕೆಡವುವಿಕೆಯನ್ನು ನಿಲ್ಲಿಸುವುದು ಅವರಿಂದಾಗಲಿಲ್ಲ. ಚೌಕದ ಒಂದು ತುಣುಕು, ವಾದ್ಯದವರು ಕೂರುವ ದುಂಡನೆಯ ಮಂಟಪ ಮತ್ತು ಒಂದು ಹಸಿ ಇಟ್ಟಿಗೆಯ ಮನೆ ಉಳಿದವು. ಆ ಮನೆ ಇಂದಿಗೂ ಸಮಾವೇಶ ಭವನದ ಕಾಂಕ್ರೀಟಿನ ನಡುವೆ ನಿಂತಿದೆ.

ಟೊರೆಸ್ ಅಲ್ಲಿಗೇ ಮನೆ ಸೇರಲಿಲ್ಲ ಎಂಬುದು ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಟೂಸಾನ್ ಮತ್ತು ಪೀಮಾ ಕೌಂಟಿಯ ಇತಿಹಾಸ ಆಯೋಗದಲ್ಲಿ ದುಡಿದರು, ಪತ್ರಿಕೆಗೆ ಅಂಕಣ ಬರೆದರು, ಇತಿಹಾಸಕಾರರು ಬಂದು ಕೇಳಿದಾಗ ಕಳೆದುಹೋದ ಬೀದಿಗಳನ್ನು ನೆನಪಿನಿಂದ ಹೇಳಿದರು. ಕೆಡವಿದ ಮೇಲೆ ರಕ್ಷಣೆಯ ಕೆಲಸ ಮುಗಿಯಿತು ಎಂದು ನಾವೆಲ್ಲ ತಿಳಿಯುತ್ತೇವೆ. ಅವರಿಗೆ ಆ ಕೆಲಸದ ಬಹುಭಾಗ ಕೆಡವಿದ ಮೇಲೆಯೇ ಇತ್ತು.

ನಕಾಶೆ_ನೋಡುವವ

ಬರಹಕ್ಕೆ ಧನ್ಯವಾದಗಳು. ನಾನು ನಗರ ಯೋಜನೆಯನ್ನು ಓದಿದವನಾದ್ದರಿಂದ ಆಗಿನ ಕಾನೂನಿನ ಸ್ಥಿತಿಯನ್ನು ಸೇರಿಸಬಯಸುತ್ತೇನೆ. ಅದು ತಿಳಿಯದಿದ್ದರೆ ಸಮಿತಿಯವರು ಎಂತಹ ಬರಿಗೈಯಲ್ಲಿ ಹೋರಾಡಿದರು ಎಂಬುದು ಅರ್ಥವಾಗುವುದಿಲ್ಲ.

1949ರ ವಸತಿ ಕಾಯ್ದೆಯಂತೆ, ಒಂದು ಪ್ರದೇಶವನ್ನು ಹದಗೆಟ್ಟದ್ದೆಂದು ಘೋಷಿಸಿ ತೆರವುಗೊಳಿಸಿದರೆ ನಗರಕ್ಕೆ ಬೀಳುವ ನಿವ್ವಳ ವೆಚ್ಚದ ಮೂರನೆಯ ಎರಡು ಪಾಲನ್ನು ಕೇಂದ್ರ ಸರ್ಕಾರವೇ ಭರಿಸುತ್ತಿತ್ತು. ದುರಸ್ತಿಗೆ ಸಾಲ ಕೇಳಿದವನಿಗೆ ಹಣವಿಲ್ಲ, ಅದೇ ಮನೆಯನ್ನು ಕೆಡವುವುದಕ್ಕೆ ಹಣವಿದೆ. ಅಮೆರಿಕದ ಹಲವಾರು ನಗರಗಳಲ್ಲಿ ಬಿಳಿಯರಲ್ಲದವರ ಕೇರಿಗಳಿಗೆ ಬ್ಯಾಂಕುಗಳು ಸಾಲ ನಿರಾಕರಿಸುತ್ತಿದ್ದವು, ಸರ್ಕಾರದ ಸಾಲವಿಮೆಯೂ ದೊರೆಯುತ್ತಿರಲಿಲ್ಲ. ಸಾಲ ಸಿಗದ ಮನೆ ಸೋರುತ್ತದೆ. ಆಮೇಲೆ ಸಮೀಕ್ಷೆಯವರು ಬಂದು ಸೋರುವ ಮನೆ ಎಂದು ಬರೆದುಕೊಳ್ಳುತ್ತಾರೆ.

ಇನ್ನು ರಕ್ಷಣೆಯ ಕಾನೂನು. ರಾಷ್ಟ್ರೀಯ ಐತಿಹಾಸಿಕ ಸಂರಕ್ಷಣಾ ಕಾಯ್ದೆಗೆ ಸಹಿ ಬಿದ್ದದ್ದು 1966ರ ಅಕ್ಟೋಬರ್ 15ರಂದು, ಅಂದರೆ ಟೂಸಾನ್‌ನ ಮತದಾನ ಮುಗಿದು ಏಳು ತಿಂಗಳ ನಂತರ. ಕೇಂದ್ರದ ಹಣದಿಂದ ನಡೆಯುವ ಕೆಲಸ ಐತಿಹಾಸಿಕ ಸ್ಥಳಕ್ಕೆ ಧಕ್ಕೆ ತರುವಂತಿದ್ದರೆ ಮೊದಲು ಪರಿಶೀಲನೆಯಾಗಬೇಕೆಂದು ಅದರ 106ನೆಯ ಪ್ರಕರಣ ಹೇಳುತ್ತದೆ. ಆದರೆ ಮೂಲ ಕಾಯ್ದೆಯಲ್ಲಿ ಆ ರಕ್ಷಣೆ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಆಗಲೇ ಸೇರಿದ್ದ ಸ್ಥಳಗಳಿಗೆ ಮಾತ್ರವಿತ್ತು, ಮತ್ತು ಆ ಪಟ್ಟಿಯನ್ನು ಆಗಷ್ಟೇ ಬರೆಯತೊಡಗಿದ್ದರು. ಪಟ್ಟಿಗೆ ಸೇರಲು ಅರ್ಹವಾದ ಸ್ಥಳಗಳಿಗೂ ಕಾಯ್ದೆಯ ಮೂಲಕವೇ ರಕ್ಷಣೆ ದೊರೆತದ್ದು 1976ರ ತಿದ್ದುಪಡಿಯ ನಂತರ. ಹೀಗಾಗಿ 1967ರಲ್ಲಿ ಟೊರೆಸ್ ಅವರ ಕೈಯಲ್ಲಿದ್ದದ್ದು ಸಹಿ ಹಾಕಿದ ಕಾಗದಗಳು ಮತ್ತು ಅವರ ಮಾತು, ಇಷ್ಟೇ.

ಊರಕೇರಿ

ಸೋನೋರಾವಾಸಿ ಅವರೇ, ನಿಮ್ಮ ಅಭಿಮಾನವನ್ನು ಗೌರವಿಸಿಯೇ ಒಂದು ಪ್ರಶ್ನೆ ಕೇಳುತ್ತೇನೆ. 80 ಎಕರೆ ಹೋಗಿ ಒಂದು ಮಂಟಪ, ಒಂದು ಮನೆ ಉಳಿದಿದ್ದರೆ ಅದನ್ನು ಸೋಲು ಎಂದು ಹೇಳುವುದೇ ಪ್ರಾಮಾಣಿಕವಲ್ಲವೇ? ಇಂತಹ ಹೋರಾಟಗಳನ್ನು ಗೆಲುವಿನ ಕತೆಯಂತೆ ಹೇಳಿದರೆ ಅಲ್ಲಿ ಮನೆ ಕಳೆದುಕೊಂಡವರ ನೋವು ಮರೆಯಾಗುತ್ತದೆ. ಉಳಿದ ಒಂದು ಮನೆಯನ್ನು ತೋರಿಸಿ ‘ನೋಡಿ, ನಾವು ಇತಿಹಾಸವನ್ನು ಕಾಪಾಡಿದೆವು’ ಎಂದು ಹೇಳಿಕೊಳ್ಳಲು ಕೆಡವಿದವರಿಗೇ ಅನುಕೂಲವಾಗುತ್ತದೆ. ಒಬ್ಬ ವ್ಯಕ್ತಿಯನ್ನು ಎತ್ತಿ ಹಿಡಿಯುವಾಗ ಈ ಅಪಾಯವನ್ನು ಗಮನಿಸಬೇಕು ಎಂಬುದು ನನ್ನ ವಿನಂತಿ.

ಸೋನೋರಾವಾಸಿ

ಊರಕೇರಿ ಅವರೇ, ನಿಮ್ಮ ಎಚ್ಚರಿಕೆ ಸರಿಯಾಗಿದೆ. ಅದು ಸೋಲೇ. ಬಾಡಿಗೆಗೆ ಇದ್ದವರು ನಗರದ ಮೂಲೆಮೂಲೆಗೆ ಚದುರಿದರು, ನಡೆದುಕೊಂಡು ಹೋಗಿ ತರುತ್ತಿದ್ದ ರೊಟ್ಟಿ, ಔಷಧಿ, ಸ್ನೇಹ ಎಲ್ಲವೂ ದೂರವಾದವು. ಒಂದು ಮನೆ ಅದಕ್ಕೆ ಪರಿಹಾರವಾಗುವುದಿಲ್ಲ.

ಆದರೆ 1971ರಲ್ಲಿ ನಡೆದದ್ದನ್ನೂ ನೋಡಿ. ಕೆಡವಿದ ಪ್ರದೇಶದ ದಕ್ಷಿಣಕ್ಕೆ ಉಳಿದಿದ್ದ ಕೇರಿಯ ಮೂಲಕ ಒಂದು ವೇಗದ ಹೆದ್ದಾರಿಯನ್ನು ಹಾಯಿಸುವ ಯೋಜನೆಯಿತ್ತು. ಆ ಕೇರಿಯಲ್ಲಿ ‘ಎಲ್ ತಿರಾದಿತೋ’ ಎಂಬ ಒಂದು ತೆರೆದ ಪೂಜಾಸ್ಥಳವಿದೆ. ಮೂರು ಕಡೆ ಶಿಥಿಲವಾದ ಮಣ್ಣಿನ ಗೋಡೆ, ನೆಲದಲ್ಲಿ ಹಚ್ಚಿಟ್ಟ ಮೇಣದ ಬತ್ತಿಗಳು. ಪ್ರೇಮಪ್ರಕರಣದಲ್ಲಿ ಕೊಲೆಯಾದ ಒಬ್ಬನನ್ನು ಬಿದ್ದಲ್ಲಿಯೇ ಹೂಳಿದರು, ಚರ್ಚಿನ ನೆಲದಲ್ಲಿ ಅವನಿಗೆ ಜಾಗ ಸಿಗಲಿಲ್ಲ ಎಂಬುದು ಐತಿಹ್ಯ. ಅಲ್ಲಿ ಹಚ್ಚಿದ ಬತ್ತಿ ಬೆಳಗಿನವರೆಗೆ ಉರಿದರೆ ಬೇಡಿದ್ದು ಈಡೇರುತ್ತದೆಂದು ಜನ ನಂಬುತ್ತಾರೆ. ಸಂತನಲ್ಲದ, ಪಾಪಿಯೆಂದೇ ಹೆಸರಾದವನ ಈ ಜಾಗವನ್ನು ಕೇರಿಯ ಜನ 1971ರಲ್ಲಿ ರಾಷ್ಟ್ರೀಯ ಪಟ್ಟಿಗೆ ಸೇರಿಸಿಸಿದರು; ಹೆದ್ದಾರಿಯನ್ನು ತಡೆಯುವುದರಲ್ಲಿ ಆ ಸೇರ್ಪಡೆಗೆ ದೊಡ್ಡ ಪಾಲಿತ್ತು. ಆ ಕೆಲಸದ ಮುಂದಾಳುಗಳು ಬೇರೆಯವರು, ಅದನ್ನು ಟೊರೆಸ್ ಅವರ ಲೆಕ್ಕಕ್ಕೆ ಬರೆಯುವುದು ತಪ್ಪಾಗುತ್ತದೆ. ಆದರೂ ಜನ ನಡೆದಾಡುವ ಬಯಲು, ಬತ್ತಿ ಹಚ್ಚುವ ಮೂಲೆ ಇವನ್ನೂ ಇತಿಹಾಸವೆಂದು ನಗರಸಭೆಯ ಮುಂದೆ ನಿಂತು ಹೇಳಬಹುದು ಎಂಬುದನ್ನು ಅದಕ್ಕೆ ನಾಲ್ಕು ವರ್ಷ ಮೊದಲೇ ಲಾ ಪ್ಲಾಸಿತಾ ಸಮಿತಿ ಮಾಡಿ ತೋರಿಸಿತ್ತು. 1978ರಲ್ಲಿ ಆ ಇಡೀ ಕೇರಿ ಐತಿಹಾಸಿಕ ಪ್ರದೇಶವಾಗಿ ಪಟ್ಟಿಗೆ ಸೇರಿತು. ಇಂದು ಟೂಸಾನ್‌ನಲ್ಲಿ ಹಳೆಯ ಮಣ್ಣಿನ ಮನೆಗಳ ಸಾಲು ನೋಡಬೇಕೆಂದರೆ ಜನ ಹೋಗುವುದು ಅಲ್ಲಿಗೇ.

ಕರಲುಮಣ್ಣು

ನಾನು ಗದಗ ಜಿಲ್ಲೆಯವನು, ವೃತ್ತಿಯಲ್ಲಿ ಕಟ್ಟಡಗಳ ಗುತ್ತಿಗೆದಾರ. ಹಸಿ ಇಟ್ಟಿಗೆಯ ಮಾತು ಬಂದದ್ದರಿಂದ ನಿಲ್ಲಲಾಗಲಿಲ್ಲ. ಸೋನೋರಾವಾಸಿ ಅವರೇ, ಆ ಮನೆಗಳ ಮಾಳಿಗೆ ಹೇಗಿದೆ, ಗೋಡೆಗೆ ಏನು ಬಳಿಯುತ್ತಾರೆ ಎಂಬುದನ್ನು ದಯವಿಟ್ಟು ತಿಳಿಸಿರಿ.

ಕೇಳಲು ಕಾರಣವಿದೆ. ನಮ್ಮ ಅಜ್ಜನ ಮನೆ ಮೇಲ್ಮುದ್ದೆಯ ಮಾಳಿಗೆ ಮನೆ. ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ಮಣ್ಣು. ಮಳೆಗಾಲಕ್ಕೆ ಮುಂಚೆ ಪ್ರತಿವರ್ಷ ಕರಲು ಮಣ್ಣು ಹರಡುತ್ತಿದ್ದೆವು. ಮುಂದೆ ಗಟ್ಟಿಯಾಗಲಿ ಎಂದು ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಿದೆವು. ಆರು ಮಳೆಗಾಲದೊಳಗೆ ಬುಡದಲ್ಲಿ ಮಣ್ಣು ಕರಗಿ, ಗಿಲಾವು ಮಾತ್ರ ಹಪ್ಪಳದಂತೆ ನಿಂತಿತ್ತು. ನೆಲದಿಂದ ಏರಿದ ತೇವ ಸುಣ್ಣದ ಗಾರೆಯಿದ್ದರೆ ಹೊರಗೆ ಆರಿಹೋಗುತ್ತದೆ, ಸಿಮೆಂಟಿನೊಳಗೆ ಸಿಕ್ಕಿಕೊಳ್ಳುತ್ತದೆ. ನಾನು ಅದನ್ನು ಕಲಿತದ್ದು ಸ್ವಂತ ಮನೆಯ ಗೋಡೆ ಕಳೆದುಕೊಂಡು.

ಸೋನೋರಾವಾಸಿ

ಕರಲುಮಣ್ಣು ಅವರೇ, ನೀವು ಹೇಳಿದ್ದು ಅಕ್ಷರಶಃ ಇಲ್ಲಿಯೂ ನಡೆದಿದೆ. ಇಲ್ಲಿನ ಹಳೆಯ ಮನೆಗಳ ಗೋಡೆ ಒಂದೂವರೆ ಎರಡು ಅಡಿ ದಪ್ಪ, ಬಿಸಿಲಲ್ಲಿ ಒಣಗಿಸಿದ ಇಟ್ಟಿಗೆಯದು. ಮುಂಗಟ್ಟು ನೇರವಾಗಿ ಬೀದಿಯ ಅಂಚಿಗೇ ಇರುತ್ತದೆ, ಅಂಗಳ ಹಿಂದೆ. ನಡುವೆ ‘ಸಗುವಾನ್’ ಎಂಬ ನಡುಮನೆ. ಎರಡೂ ಕಡೆಯ ಬಾಗಿಲು ತೆರೆದರೆ ಗಾಳಿ ಹಾಯುತ್ತದೆ. ತೊಲೆಗಳ ಮೇಲೆ ಜಂತಿಯ ಬದಲು ಸಗ್ವಾರೋ ಎಂಬ ದೊಡ್ಡ ಕಳ್ಳಿಯ ಒಣಗಿದ ಒಳಗಳುಗಳನ್ನು ಒತ್ತಾಗಿ ಜೋಡಿಸಿ ಮೇಲೆ ಮಣ್ಣು ಹಾಕುತ್ತಿದ್ದರು. ಉಳಿದಿರುವ ಆ ಮನೆಯಲ್ಲಿ ಇಂತಹ ಚಾವಣಿಯನ್ನು ತಲೆಯೆತ್ತಿ ನೋಡಬಹುದು. ಇಪ್ಪತ್ತನೆಯ ಶತಮಾನದಲ್ಲಿ ಸಿಮೆಂಟ್ ಬಳಿದ ಗೋಡೆಗಳು ಬುಡದಲ್ಲಿ ಕರಗಿದವು, ಈಗ ಜೀರ್ಣೋದ್ಧಾರ ಮಾಡುವವರು ಮೊದಲು ಸಿಮೆಂಟನ್ನು ಕೆತ್ತಿ ತೆಗೆಯುತ್ತಾರೆ.

ಇದು ಟೊರೆಸ್ ಅವರ ವಿಷಯಕ್ಕೂ ಸಂಬಂಧಿಸಿದ್ದು. ಮಣ್ಣಿನ ಮನೆಗೆ ವರ್ಷವರ್ಷ ಕೈ ಮುಟ್ಟಬೇಕು. ಸಾಲ ನಿಂತಾಗ, ಇಂದಲ್ಲ ನಾಳೆ ಕೆಡವುತ್ತಾರೆ ಎಂಬ ಸುದ್ದಿ ಹಬ್ಬಿದಾಗ ಯಾರೂ ಗಿಲಾವಿಗೆ ದುಡ್ಡು ಹಾಕುವುದಿಲ್ಲ. ಅಂತಹ ಮನೆಯನ್ನು ನೋಡಿ ‘ಇದು ಕಸ’ ಎಂದವರಿಗೆ ಅದರ ತಂಪು, ಅದರ ಲೆಕ್ಕಾಚಾರ ತಿಳಿದಿರಲಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ಮೀರುವ ಊರಿನಲ್ಲಿ ಯಂತ್ರವಿಲ್ಲದೆ ಬದುಕಿದ ಜಾಣ್ಮೆ ಆ ಗೋಡೆಗಳಲ್ಲಿತ್ತು.

ಪಡಸಾಲೆ

ನಾನು ಅರಿಜೋನಾ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವಾಗ ಇತಿಹಾಸ ಸಂಸ್ಥೆಯ ಕಟ್ಟಡದ ಮುಂದೆ ದಿನವೂ ಹಾದುಹೋಗುತ್ತಿದ್ದೆ. ಅದರ ಕೆತ್ತನೆಯ ಕಲ್ಲಿನ ಬಾಗಿಲುವಾಡ ಉಳಿದ ಕಟ್ಟಡಕ್ಕೆ ಹೊಂದದಂತೆ ಕಾಣುತ್ತಿತ್ತು. ಅದು ಲಾ ಪ್ಲಾಸಿತಾದ ಬದಿಯಲ್ಲಿದ್ದ ಹಳೆಯ ಸಂತ ಆಗಸ್ಟೀನ್ ಚರ್ಚಿನದು ಎಂದು ಬಹಳ ತಡವಾಗಿ ತಿಳಿಯಿತು. ಹೊಸ ಚರ್ಚು ಕಟ್ಟಿದ ಮೇಲೆ ಹಳೆಯದನ್ನು ಮಾರಿದರು. ಅದು ಹೋಟೆಲಾಯಿತು, ಕೊನೆಗೆ ವಾಹನ ರಿಪೇರಿಯ ಗ್ಯಾರೇಜೂ ಆಯಿತು, 1936ರಲ್ಲಿ ಕೆಡವಿದರು. ಬಾಗಿಲುವಾಡ ಮಾತ್ರ ಇಲ್ಲಿಗೆ ಬಂತು. ಅಂದರೆ ಆ ಚೌಕ 1967ಕ್ಕಿಂತ ಮೂವತ್ತು ವರ್ಷ ಮೊದಲೇ ತನ್ನ ಮುಖ್ಯ ಕಟ್ಟಡವನ್ನು ಕಳೆದುಕೊಂಡಿತ್ತು. ಆದರೂ ಜನರಿಗೆ ಅದು ಚೌಕವೇ ಆಗಿತ್ತು. ಆ ಉಳಿದ ಮನೆಯನ್ನು ನಾನಿದ್ದಾಗ ಕೆಲವರು ಫ್ರೀಮಾಂಟ್ ಮನೆ ಎನ್ನುತ್ತಿದ್ದರು, ಕೆಲವರು ಮೂರು ಹೆಸರು ಸೇರಿಸಿ ಹೇಳುತ್ತಿದ್ದರು. ಯಾವುದು ಸರಿ?

ಸೋನೋರಾವಾಸಿ

ಪಡಸಾಲೆ ಅವರೇ, ಚೌಕದ ಬಗ್ಗೆ ನೀವು ಹೇಳಿದ ಮಾತನ್ನು ನಾನೇ ಬರೆಯಬೇಕಿತ್ತು, ವಂದನೆಗಳು.

ಹೆಸರಿನ ವಿಷಯ ಸ್ವಲ್ಪ ಉದ್ದವಾಗಿ ಹೇಳಬೇಕಾದದ್ದು. ಆ ಜಾಗ ಮೊದಲು ಸೋಸಾ ಕುಟುಂಬದ್ದು. ನಂತರ ಕರಿಯೋ ಕುಟುಂಬಕ್ಕೆ ಬಂತು. ಈಗಿನ ಮನೆ 1880ರ ಸುಮಾರಿನದು. ಲಿಯೊಪೋಲ್ಡೊ ಕರಿಯೋ ಊರಿನ ದೊಡ್ಡ ವರ್ತಕ. ಮರುಭೂಮಿಯ ಈ ಊರಿನಲ್ಲಿ ತೋಟ, ಕೊಳಗಳನ್ನು ಮಾಡಿಸಿ ಜನ ವಿಹರಿಸಲು ತೆರೆದವರು. ಅವರ ಕುಟುಂಬದವರೇ ಆ ಮನೆಗೆ ಪುನರ್ನಿರ್ಮಾಣ ಯೋಜನೆ ಬರುವವರೆಗೂ, ಸುಮಾರು ತೊಂಬತ್ತು ವರ್ಷ ಒಡೆಯರಾಗಿದ್ದರು. ಜಾನ್ ಫ್ರೀಮಾಂಟ್ ಎಂಬವರು ಅರಿಜೋನಾ ಇನ್ನೂ ರಾಜ್ಯವಾಗದಿದ್ದಾಗ, 1878ರಿಂದ 1881ರವರೆಗೆ, ಅದರ ಗವರ್ನರ್ ಆಗಿದ್ದರು. ಅವರ ಹೆಸರಿಗೂ ಈ ಮನೆಗೂ ಇದ್ದ ನಂಟು ಅಲ್ಪಕಾಲದ ಬಾಡಿಗೆಯದು. ಹಾಗಿದ್ದೂ ಮನೆಯನ್ನು ಉಳಿಸಿದ ಕಾಲದಲ್ಲಿ ಫಲಕದ ಮೇಲೆ ಬಂದದ್ದು ಆ ಪ್ರಸಿದ್ಧ ಹೆಸರು. ಸೋಸಾ, ಕರಿಯೋ ಹೆಸರುಗಳು ಮುಂದಕ್ಕೆ ಬರಲು ಕಾಲ ಹಿಡಿಯಿತು. ಈಗ ಆ ಮನೆಯಲ್ಲಿ ಮೆಕ್ಸಿಕನ್ ಅಮೆರಿಕನ್ನರ ಇತಿಹಾಸದ ವಸ್ತುಸಂಗ್ರಹಾಲಯವಿದೆ, ಕೋಟೆಯ ಕಾಲದ ಕುಟುಂಬಗಳ ವಂಶಸ್ಥರ ಸಂಘದವರು ಅದನ್ನು ನೋಡಿಕೊಳ್ಳುತ್ತಾರೆ.

ಈ ಕಾರಣಕ್ಕೇ ಟೊರೆಸ್ ಅವರ ನಂತರದ ದಶಕಗಳ ಕೆಲಸವನ್ನು ನಾನು ಸಣ್ಣದೆಂದು ಎಣಿಸುವುದಿಲ್ಲ. ಟೂಸಾನ್‌ನವರೇ ಆದ ಇತಿಹಾಸಕಾರ ಲಿಡಿಯಾ ಒಟೆರೊ ಅವರ ಸಂಶೋಧನೆ 2010ರಲ್ಲಿ ಪುಸ್ತಕವಾಗಿ ಬಂದಾಗ ಲಾ ಪ್ಲಾಸಿತಾ ಸಮಿತಿಯ ಕತೆ ವಿಸ್ತಾರವಾಗಿ ದಾಖಲಾಯಿತು. ಅಷ್ಟು ವರ್ಷ ಆ ನೆನಪನ್ನು ಯಾರಾದರೂ ಹೊತ್ತುಕೊಂಡಿರಬೇಕಿತ್ತಲ್ಲ? ಹೊತ್ತವರಲ್ಲಿ ಟೊರೆಸ್ ಒಬ್ಬರು. ಮನೆ ಉಳಿದರೂ ಅದು ಯಾರ ಮನೆ ಎಂದು ಹೇಳುವವರಿಲ್ಲದಿದ್ದರೆ ಫಲಕದ ಮೇಲೆ ಇಂದಿಗೂ ಬಾಡಿಗೆದಾರನ ಹೆಸರೊಂದೇ ಇರುತ್ತಿತ್ತು.

ಊರಕೇರಿ

ಹೆಸರಿನ ವಿವರ ಓದಿದ ಮೇಲೆ ನನ್ನ ಅಭಿಪ್ರಾಯ ಸ್ವಲ್ಪ ಬದಲಾಗಿದೆ ಎಂದು ಒಪ್ಪುತ್ತೇನೆ. ಆದರೆ ಇನ್ನೊಂದು ಸಂಶಯ ಉಳಿದಿದೆ. 1978ರಲ್ಲಿ ಪಟ್ಟಿಗೆ ಸೇರಿದ ಕೇರಿಯಲ್ಲಿ ಈಗ ಯಾರು ವಾಸವಾಗಿದ್ದಾರೆ? ಐತಿಹಾಸಿಕ ಪ್ರದೇಶವೆಂಬ ಹೆಸರು ಬಂದೊಡನೆ ಬೆಲೆ ಏರುತ್ತದೆ, ಹಳಬರು ಮಾರಿ ಹೊರಡುತ್ತಾರೆ ಎಂದು ಕೇಳಿದ್ದೇನೆ.

ನಕಾಶೆ_ನೋಡುವವ

ಊರಕೇರಿ ಅವರ ಸಂಶಯ ಸರಿಯಾದದ್ದು. ರಾಷ್ಟ್ರೀಯ ಪಟ್ಟಿ ಕಟ್ಟಡವನ್ನು ನೋಡುತ್ತದೆ, ಒಳಗಿನ ನಿವಾಸಿಯನ್ನು ನೋಡುವುದಿಲ್ಲ. ಪಟ್ಟಿಗೆ ಸೇರಿದ ಮಾತ್ರಕ್ಕೆ ಮಾಲೀಕ ತನ್ನ ಸ್ವಂತ ಹಣದಿಂದ ಕೆಡವುವುದನ್ನು ಕೂಡ ಅದು ತಡೆಯದು. ಅದಕ್ಕೆ ನಗರದ ಸ್ಥಳೀಯ ನಿಯಮ ಬೇಕು. ಇನ್ನೊಂದು ವಿಚಿತ್ರವನ್ನೂ ಗಮನಿಸಿರಿ. ಕೇರಿಯನ್ನು ಕೆಡವಿ ಕಟ್ಟಿದ ಸಮಾವೇಶ ಭವನದ ಅಂಗಳ, ಕಾರಂಜಿಗಳನ್ನು ವಿನ್ಯಾಸಗೊಳಿಸಿದವರು ಭೂದೃಶ್ಯ ವಿನ್ಯಾಸದಲ್ಲಿ ಹೆಸರಾದ ಗ್ಯಾರೆಟ್ ಎಕ್ಬೊ. ಆ ಅಂಗಳವೂ ಈಗ ರಾಷ್ಟ್ರೀಯ ಪಟ್ಟಿಯಲ್ಲಿದೆ. ಅದು ಒಳ್ಳೆಯ ವಿನ್ಯಾಸವೇ. ಅಲ್ಲಿ ಕುಳಿತು ನೆರಳನ್ನು ಸವಿಯುವವರಿಗೆ ಕೆಳಗಿದ್ದ ಬೀದಿಗಳ ಹೆಸರನ್ನೂ ಹೇಳುವ ಏರ್ಪಾಡು ಇರಬೇಕೆಂದು ಮಾತ್ರ ನನ್ನ ಆಸೆ.

ಸೋನೋರಾವಾಸಿ

ಹೌದು, ದಕ್ಷಿಣದ ಆ ಕೇರಿಯ ಮನೆಗಳು ಇಂದು ಬಣ್ಣ ಬಳಿದುಕೊಂಡು ಬಹಳ ದುಬಾರಿಯಾಗಿವೆ. ಅಲ್ಲಿಯೇ ಹುಟ್ಟಿದ ಎಷ್ಟೋ ಕುಟುಂಬಗಳು ಈಗ ಅಲ್ಲಿಲ್ಲ. ಇದಕ್ಕೆ ನನ್ನ ಬಳಿ ಉತ್ತರವಿಲ್ಲ. ಆದರೆ 1967ರ ಬೇಡಿಕೆಯಲ್ಲಿ ಒಂದು ಚೌಕ ಇತ್ತು ಎಂಬುದನ್ನು ನೆನೆಯುತ್ತೇನೆ. ಚೌಕವನ್ನು ಯಾರೂ ಕೊಂಡು ಬೀಗ ಹಾಕಿಕೊಳ್ಳುವಂತಿಲ್ಲ, ಬಾಡಿಗೆದಾರನಿಗೂ ಮನೆಯಿಲ್ಲದವನಿಗೂ ಅಲ್ಲಿ ಕೂರುವ ಹಕ್ಕಿದೆ. ಟೊರೆಸ್ ಅವರ ಸಮಿತಿ ಕೇಳಿದ್ದರಲ್ಲಿ ಈ ತಿಳಿವಳಿಕೆ ಇತ್ತೆಂದೇ ನಾನು ನಂಬುತ್ತೇನೆ.

ಕರಲುಮಣ್ಣು

ಮುಂದಿನ ವರ್ಷ ಮಗಳ ಮನೆಗೆ ಫೀನಿಕ್ಸ್‌ಗೆ ಬರುವವನಿದ್ದೇನೆ. ಟೂಸಾನ್‌ಗೆ ಒಂದು ದಿನ ಮೀಸಲಿಟ್ಟರೆ ಇವನ್ನೆಲ್ಲ ನೋಡಲಾದೀತೇ?

ಸೋನೋರಾವಾಸಿ

ಅಗತ್ಯವಾಗಿ ಬನ್ನಿರಿ, ಕಾರಿನಲ್ಲಿ ಸುಮಾರು ಎರಡು ಗಂಟೆಯ ದಾರಿ. ಚಳಿಗಾಲದಲ್ಲಾದರೆ ಮಧ್ಯಾಹ್ನವೂ ನಡೆಯಬಹುದು. ಮೊದಲು ಸೋಸಾ–ಕರಿಯೋ ಮನೆಯ ಚಾವಣಿ ನೋಡೋಣ. ತೆರೆದಿರುವ ದಿನಗಳನ್ನು ಮುಂಚಿತವಾಗಿ ವಿಚಾರಿಸಿಡುತ್ತೇನೆ. ಅಲ್ಲಿಂದ ಕೆಲವೇ ನಿಮಿಷ ನಡೆದರೆ ಲಾ ಪ್ಲಾಸಿತಾ ಇದ್ದ ಜಾಗ. ಚೌಕದ ಸುತ್ತ 1970ರ ದಶಕದಲ್ಲಿ ಕಟ್ಟಿದ ಬಣ್ಣಬಣ್ಣದ ವಾಣಿಜ್ಯ ಸಂಕೀರ್ಣವನ್ನು 2018ರಲ್ಲಿ ಕೆಡವಿದರು, ಅಲ್ಲೀಗ ವಸತಿ ಕಟ್ಟಡವಿದೆ. ಸಂಜೆಗೆ ದಕ್ಷಿಣದ ಕೇರಿಗೆ ಬಂದು ಎಲ್ ತಿರಾದಿತೋದ ಬಳಿ ನಿಲ್ಲೋಣ. ಅಲ್ಲಿನ ಗೋಡೆಯ ಬುಡವನ್ನು ನೀವು ಗುತ್ತಿಗೆದಾರರ ಕಣ್ಣಿನಿಂದ ನೋಡಿ ಹೇಳಬೇಕು. ನಾನು ಮೇಣದ ಬತ್ತಿ ತಂದಿರುತ್ತೇನೆ.